ದೂತವಿದ್ಯೆಯ ಶಾಲೆ, ದೂತವೃತ್ತಿಯ ದ್ವಾರ

ಅಂತರರಾಷ್ಟ್ರೀಯ ಸಂಬಂಧಗಳನ್ನು ವ್ಯಾಸಂಗವಿಷಯವಾಗಿ ಆರಿಸಿಕೊಳ್ಳುವೆನೆಂದು ಮಗನೋ ಮಗಳೋ ಮನೆಯಲ್ಲಿ ಹೇಳಿದಾಗ, ಅದನ್ನು ಓದಿ ಮುಂದೆ ಏನು ಮಾಡುವೆ ಎಂಬ ಪ್ರಶ್ನೆ ತಂದೆತಾಯಿಗಳ ಬಾಯಿಂದ ತಾನಾಗಿ ಬರುತ್ತದೆ. ವೈದ್ಯನಿಗೆ, ವಕೀಲನಿಗೆ, ಇಂಜಿನಿಯರನಿಗೆ ಎದುರಾಗದ ಈ ಪ್ರಶ್ನೆಯನ್ನು ಲೌಕಿಕರ ಅಲ್ಪದೃಷ್ಟಿಯೆಂದು ಬದಿಗಿಡುವುದು ಅಧ್ಯಾಪಕರಿಗೆ ಸುಲಭವಾದರೂ, ಆ ವಿದ್ಯೆಯ ಪೂರ್ವೋತ್ತರವನ್ನು ಬಲ್ಲವರಿಗೆ ಅದು ಅಷ್ಟು ಸುಲಭವಲ್ಲ. ಏಕೆಂದರೆ ಶತಮಾನಕ್ಕೆ ಮಿಕ್ಕಿದ ಈ ಶಾಸ್ತ್ರದ ಇತಿಹಾಸದಲ್ಲಿ ವಿದ್ಯೆಯನ್ನು ಸ್ಥಾಪಿಸಿದವರು ಒಬ್ಬರು, ಆ ವಿದ್ಯೆಗೆ ಸಂಬಂಧಿಸಿದ ವೃತ್ತಿಯ ಬಾಗಿಲು ಕಾಯುವವರು ಮತ್ತೊಬ್ಬರು, ಇವರಿಬ್ಬರೂ ಪರಸ್ಪರ ಸಮಾಲೋಚಿಸಿದ ಸಂದರ್ಭಗಳು ಬಲು ವಿರಳ. ಈ ವಿಯೋಗ ಹೇಗುಂಟಾಯಿತು, ಅದರ ಫಲವನ್ನು ಯಾರು ಉಂಡರು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ, ವೇಲ್ಸ್ ಪ್ರಾಂತದ ಕಡಲಂಚಿನಲ್ಲಿ, ಅಬರಿಸ್ಟ್‌ವಿತ್ ಎಂಬ ಚಿಕ್ಕ ಊರಿದೆ. ರೈಲ್ವೆ ಬಂದ ಹೊಸದರಲ್ಲಿ ವಿಹಾರಾರ್ಥಿಗಳು ತಂಡತಂಡವಾಗಿ ಬರುವರೆಂಬ ಭರವಸೆಯಿಂದ ಸಮುದ್ರಕ್ಕೆ ಎದುರಾಗಿ ಕಟ್ಟತೊಡಗಿದ ಒಂದು ಭಾರಿ ಹೋಟೆಲು ಲಾಭ ಕಾಣದೆ ಹೋದುದರಿಂದ, ಆ ಕಟ್ಟಡವನ್ನೇ ಕೊಂಡು 1872ರಲ್ಲಿ ಅಲ್ಲಿ ಒಂದು ಕಾಲೇಜನ್ನು ತೆರೆದರು. ಜಗತ್ತಿನಲ್ಲಿ ಅಂತರರಾಷ್ಟ್ರೀಯ ರಾಜಕಾರಣಕ್ಕೆಂದೇ ಮೀಸಲಾದ ಮೊದಲ ಪ್ರಾಧ್ಯಾಪಕಪೀಠ 1919ರಲ್ಲಿ ಸ್ಥಾಪಿತವಾದುದು ಲಂಡನ್ನಿನಲ್ಲಲ್ಲ, ಪ್ಯಾರಿಸ್ಸಿನಲ್ಲಲ್ಲ, ಯಾವ ರಾಯಭಾರಿಯೂ ಕಾಲಿಡದ ಈ ಊರಿನಲ್ಲಿ. ಅದಕ್ಕೆ ಧನವಿತ್ತವನು ಡೇವಿಡ್ ಡೇವೀಸ್. ಕಲ್ಲಿದ್ದಲ ಗಣಿಗಳಿಂದಲೂ ರೈಲುದಾರಿಗಳಿಂದಲೂ ಐಶ್ವರ್ಯವಂತನಾದ ಅದೇ ಹೆಸರಿನ ಅಜ್ಜನ ಮೊಮ್ಮಗ, ಪಾರ್ಲಿಮೆಂಟಿನ ಸದಸ್ಯ, ಮಹಾಯುದ್ಧದ ಕಂದಕಗಳಲ್ಲಿ ಒಂದು ದಳದ ನಾಯಕನಾಗಿ ನಿಂತು ತನ್ನ ಪ್ರಾಂತದ ಹುಡುಗರು ಕಣ್ಣೆದುರಿಗೇ ಬೀಳುವುದನ್ನು ಕಂಡವನು. ಅವನೂ ಅವನ ಸೋದರಿಯರಾದ ಗ್ವೆಂಡೊಲಿನ್ ಮತ್ತು ಮಾರ್ಗರೆಟ್ಟರೂ ಸೇರಿ, ಮಡಿದ ವಿದ್ಯಾರ್ಥಿಗಳ ಸ್ಮಾರಕವಾಗಿ 20,000 ಪೌಂಡುಗಳನ್ನು ಕಾಲೇಜಿಗೆ ಒಪ್ಪಿಸಿದರು; ಪೀಠಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ನನ ಹೆಸರು ಬಂತು. ಸತ್ತವರಿಗಾಗಿ ಕಲ್ಲಿನ ಕಂಬವನ್ನು ನಿಲ್ಲಿಸುವುದು ಆ ವರ್ಷಗಳಲ್ಲಿ ಊರೂರಿನ ರೂಢಿಯಾಗಿತ್ತು. ಕಂಬಕ್ಕೆ ಬದಲಾಗಿ ಒಂದು ಶಾಸ್ತ್ರವನ್ನೇ ನಿಲ್ಲಿಸಬೇಕೆಂದು ತೋರಿದುದು ಈ ಕುಟುಂಬದ ವಿಶೇಷ. ಇಲ್ಲಿ ಓದಿದವನಿಗೆ ಯಾವ ಹುದ್ದೆ ದೊರೆತೀತೆಂಬ ವಿಚಾರ ದಾನಿಗಳ ಮನಸ್ಸಿನಲ್ಲಿ ಸುಳಿದಿದ್ದಂತೆ ಕಾಣುವುದಿಲ್ಲ. ಯುದ್ಧವೆಂಬುದು ಅಜ್ಞಾನದಿಂದ ಹುಟ್ಟುವ ರೋಗ, ಜ್ಞಾನದಿಂದ ಅದನ್ನು ಶಮನಗೊಳಿಸಬಹುದು ಎಂಬ ನಂಬುಗೆಯೇ ಅವರ ಬಂಡವಾಳ.

ಪೀಠವನ್ನು ಮೊದಲು ಅಲಂಕರಿಸಿದ ಆಲ್ಫ್ರೆಡ್ ಝಿಮ್ಮರ್ನ್ ಪ್ರಾಚೀನ ಗ್ರೀಕರ ನಗರರಾಜ್ಯಗಳನ್ನು ಕುರಿತು ಗ್ರಂಥ ಬರೆದು ಹೆಸರಾದ ವಿದ್ವಾಂಸ. ಎರಡು ವರ್ಷಗಳಲ್ಲೇ, ಸಹೋದ್ಯೋಗಿಯೊಬ್ಬನ ಪತ್ನಿಯಾಗಿದ್ದವಳನ್ನು ವರಿಸಿದ ಅಪವಾದಕ್ಕಾಗಿ, ಸಂಪ್ರದಾಯನಿಷ್ಠವಾದ ಆ ಊರನ್ನು ಬಿಡಬೇಕಾಯಿತು. ರಾಷ್ಟ್ರಗಳ ನಡುವಣ ಸೌಹಾರ್ದವನ್ನು ಬೋಧಿಸಬಂದವನು ಅಧ್ಯಾಪಕರ ಕೊಠಡಿಯ ಸೌಹಾರ್ದವನ್ನು ಉಳಿಸಿಕೊಳ್ಳಲಾರದೆ ಹೋದನೆಂದು ನಗುವವರು ಆಗಲೂ ಇದ್ದಿರಬೇಕು. 1936ರಲ್ಲಿ ಪೀಠಕ್ಕೆ ಬಂದ ಇ. ಎಚ್. ಕಾರ್ ಬೇರೆ ಧಾತುವಿನ ಮನುಷ್ಯ. ಇಪ್ಪತ್ತು ವರ್ಷ ಬ್ರಿಟಿಷ್ ವಿದೇಶಾಂಗ ಕಚೇರಿಯಲ್ಲಿ ಕಡತಗಳ ನಡುವೆ ದುಡಿದು, ವರ್ಸೇಲ್ಸ್ ಒಪ್ಪಂದದ ಸಂಧಾನಗಳನ್ನು ಹತ್ತಿರದಿಂದ ಕಂಡು, ಲೀಗ್ ಆಫ್ ನೇಷನ್ಸ್ ಸಂಸ್ಥೆಯ ವಾಗ್ದಾನಗಳು ಒಂದೊಂದಾಗಿ ಬತ್ತಿಹೋದುದನ್ನು ಅರಿತು ಬಂದವನು ಈತ. ದಾನಿಯಾದ ಡೇವೀಸನಿಗೆ ಈ ನೇಮಕ ರುಚಿಸಲಿಲ್ಲ. ಅಂತರರಾಷ್ಟ್ರೀಯ ಪೊಲೀಸು ಪಡೆಯೊಂದನ್ನು ಕಟ್ಟಿದರೆ ಯುದ್ಧ ನಿಂತೀತೆಂದು ದೇಶವೆಲ್ಲ ಸುತ್ತಿ ಸಾರುತ್ತಿದ್ದ ಆ ವೃದ್ಧ ಆದರ್ಶವಾದಿ, ತನ್ನ ಹಣದಿಂದ ಸಂಬಳ ಪಡೆಯುತ್ತಿದ್ದ ಪ್ರಾಧ್ಯಾಪಕನೇ 1939ರಲ್ಲಿ ಇಂಥ ಆದರ್ಶಗಳೆಲ್ಲವೂ ಬಲಿಷ್ಠರ ಸ್ವಾರ್ಥಕ್ಕೆ ಹೊದಿಸಿದ ವಸ್ತ್ರವೆಂದು ವಾದಿಸುವ ‘ದಿ ಟ್ವೆಂಟಿ ಇಯರ್ಸ್ ಕ್ರೈಸಿಸ್’ ಎಂಬ ಗ್ರಂಥವನ್ನು ಪ್ರಕಟಿಸುವುದನ್ನು ನೋಡಬೇಕಾಯಿತು. ಇಂದಿಗೂ ಈ ಶಾಸ್ತ್ರದ ವಿದ್ಯಾರ್ಥಿ ಮೊದಲ ವರ್ಷದಲ್ಲಿ ಆದರ್ಶವಾದ, ವಾಸ್ತವವಾದಗಳ ವಿವಾದವೆಂದು ಕಲಿಯುವುದು ಬಹುಮಟ್ಟಿಗೆ ಇದನ್ನೇ. ಅದು ಮೂಲದಲ್ಲಿ ಒಂದು ಪೀಠದ ಸ್ಥಾಪಕನಿಗೂ ಅದರ ಮೇಲೆ ಕುಳಿತವನಿಗೂ ನಡೆದ ಜಗಳವೆಂದು ಪಠ್ಯಪುಸ್ತಕಗಳು ಹೇಳುವುದಿಲ್ಲ. ಕಾರ್ ಕಚೇರಿಯಿಂದ ಶಾಲೆಗೆ ಬಂದವನು ಎಂಬುದು ಇಲ್ಲಿ ಗಮನಾರ್ಹ. ಶಾಲೆಯಿಂದ ಕಚೇರಿಗೆ ಹೋಗುವ ದಾರಿಯನ್ನು ಅವನೂ ಹಾಕಲಿಲ್ಲ.

ಆ ದಾರಿಯನ್ನು ಹಾಕಲೆತ್ನಿಸಿದವರು ಅಮೆರಿಕದವರು. ಅದೇ 1919ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಎಡ್ಮಂಡ್ ವಾಲ್ಶ್ ಎಂಬ ಜೆಸ್ಯುಯಿಟ್ ಪಾದ್ರಿ ವಿದೇಶಸೇವೆಯ ಶಾಲೆಯೊಂದನ್ನು ತೆರೆದಾಗ, ಶಾಂತಿಯ ಮಾತಿನ ಜೊತೆಗೆ ಹಡಗು, ಸುಂಕ, ವಾಣಿಜ್ಯ, ಕಾನ್ಸುಲರ ಕರ್ತವ್ಯ, ಪರಭಾಷೆ ಮೊದಲಾದ ವ್ಯವಹಾರದ ವಿದ್ಯೆಗಳನ್ನೂ ಪಾಠಕ್ರಮದಲ್ಲಿ ಸೇರಿಸಿದನು. ಅಮೆರಿಕದ ಸರ್ಕಾರ ತನ್ನ ರಾಯಭಾರ ಶಾಖೆಯನ್ನೂ ಕಾನ್ಸುಲ್ ಶಾಖೆಯನ್ನೂ ಕೂಡಿಸಿ ಒಂದೇ ವಿದೇಶಸೇವೆಯಾಗಿ ಮಾಡಿದುದು ಅದಾಗಿ ಐದು ವರ್ಷಗಳ ಮೇಲೆ, 1924ರಲ್ಲಿ. ಜಿನೀವಾದಲ್ಲಿ ಲೀಗಿನ ನೆರಳಿನಲ್ಲೇ 1927ರಲ್ಲಿ ಹುಟ್ಟಿದ ಉನ್ನತಾಧ್ಯಯನ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಪೌಲ್ ಮಾಂಟೂ, ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ರಾಷ್ಟ್ರನಾಯಕರ ಮಾತುಗಳನ್ನು ದುಭಾಷಿಯಾಗಿ ನಿಂತು ಅನುವಾದಿಸಿದ್ದವನು. ಆಕ್ಸ್‌ಫರ್ಡಿನಲ್ಲಿ 1930ರಲ್ಲಿ ಇದೇ ವಿಷಯಕ್ಕೆ ಪೀಠವನ್ನು ದಾನಮಾಡಿದ ಮಾಂಟೇಗ್ ಬರ್ಟನ್ ಗಂಡಸರಿಗೆ ಸೂಟು ಹೊಲಿಸಿ ಮಾರುತ್ತಿದ್ದ ಬಟ್ಟೆ ವರ್ತಕ. ಅದರ ಮೇಲೆ ಮೊದಲು ಕುಳಿತವನು ನಮ್ಮ ಝಿಮ್ಮರ್ನನೇ. ಹೀಗೆ ಗಣಿಯವರು, ಪಾದ್ರಿಗಳು, ಜವಳಿಯವರು ಸೇರಿ ಬೆಳೆಸಿದ ಶಾಸ್ತ್ರವಿದು.

ಭಾರತದಲ್ಲಿ ಈ ವಿದ್ಯೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ದೆಹಲಿಯಿಂದ ಪ್ರಾರಂಭಿಸುವುದು ವಾಡಿಕೆ. ನಾನು ಮೈಸೂರಿನಿಂದ ಪ್ರಾರಂಭಿಸಲು ಇಚ್ಛಿಸುತ್ತೇನೆ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿ, ಹೆಸರು ಮಾತ್ರ ಉಳಿದು ಗ್ರಂಥ ಕಳೆದುಹೋಯಿತೆಂದು ಲೋಕ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಇದೆಂದು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಮಗ್ರವಾದ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ನೆರೆಯ ರಾಜ್ಯ ಶತ್ರು, ಅದರಾಚೆಯದು ಮಿತ್ರ ಎಂಬ ಮಂಡಲದ ಕಲ್ಪನೆ, ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯ, ಇವು ಈಗ ಪರದೇಶಗಳ ತರಗತಿಗಳಲ್ಲಿಯೂ ಕೇಳಿಬರುತ್ತಿರುವುದು ಆ ತಾಳೆಗರಿಗಳ ಪ್ರಸಾದ. ಆದರೆ ನನ್ನ ಪ್ರಸ್ತುತಕ್ಕೆ ಹೆಚ್ಚು ಸಲ್ಲುವುದು ಅದರ ಮೊದಲ ಅಧಿಕರಣದಲ್ಲಿರುವ ದೂತಪ್ರಣಿಧಿಯ ಪ್ರಕರಣ. ದೂತರಲ್ಲಿ ಮೂರು ತರ: ಅಮಾತ್ಯನ ಗುಣಗಳೆಲ್ಲವೂ ಉಳ್ಳವನು ನಿಸೃಷ್ಟಾರ್ಥ, ಕಾಲು ಪಾಲು ಕಡಿಮೆಯಾದವನು ಪರಿಮಿತಾರ್ಥ, ಅರ್ಧ ಕಡಿಮೆಯಾದವನು ಓಲೆಯನ್ನು ಒಯ್ಯಲಷ್ಟೇ ಯೋಗ್ಯನಾದ ಶಾಸನಹರ. ದೂತನಾದವನು ದಾರಿಯುದ್ದಕ್ಕೂ ಗಡಿಯ ಅಧಿಕಾರಿಗಳನ್ನೂ ಕಾಡಿನ ಒಡೆಯರನ್ನೂ ಪರಿಚಯಮಾಡಿಕೊಳ್ಳಬೇಕು. ಪರರಾಜ್ಯದ ಕೋಟೆಯನ್ನು ಕಣ್ಣಳತೆಯಲ್ಲಿ ಅಳೆದುಕೊಳ್ಳಬೇಕು. ಭಿಕ್ಷುಕರ, ಕುಡುಕರ, ಹುಚ್ಚರ ಹರಟೆಯಿಂದಲೂ ಸಮಾಚಾರ ಸಂಗ್ರಹಿಸಬೇಕು. ಸ್ತ್ರೀಸಂಗವನ್ನೂ ಮದ್ಯವನ್ನೂ ವರ್ಜಿಸಬೇಕು. ನಿದ್ರೆಯಲ್ಲಿಯೂ ಮತ್ತಿನಲ್ಲಿಯೂ ಮನಸ್ಸಿನ ಗುಟ್ಟು ಹೊರಬೀಳುವುದರಿಂದ ಒಬ್ಬನೇ ಮಲಗಬೇಕು. ಎರಡು ಸಾವಿರ ವರ್ಷಗಳ ಹಿಂದಿನ ಈ ವಿಧಿಗಳಲ್ಲಿ ವ್ಯಾಸಂಗಕ್ಕೂ ವೃತ್ತಿಗೂ ನಡುವೆ ಎಡೆಯೇ ಇಲ್ಲವೆಂಬುದನ್ನು ನೋಡಿದರೆ, ನಮ್ಮ ಕಾಲದ ವ್ಯವಸ್ಥೆಯನ್ನು ಕೌಟಿಲ್ಯ ಒಪ್ಪುತ್ತಿದ್ದನೇ ಎಂಬ ಸಂದೇಹ ಬರುತ್ತದೆ.

ದೆಹಲಿಯ ಕಥೆ 1943ರಲ್ಲಿ ಮೊದಲಾಗುತ್ತದೆ. ಪರಾಧೀನ ದೇಶಕ್ಕೆ ಸ್ವಂತ ವಿದೇಶನೀತಿ ಇರಲು ಸಾಧ್ಯವಿಲ್ಲದಿದ್ದರೂ, ನಾಳೆ ಅದು ಬೇಕಾದೀತೆಂಬ ದೂರದೃಷ್ಟಿಯಿಂದ ತೇಜ್ ಬಹಾದುರ್ ಸಪ್ರೂ, ಹೃದಯನಾಥ ಕುಂಜ್ರು ಮೊದಲಾದ ಉದಾರವಾದಿಗಳು ವಿಶ್ವವ್ಯವಹಾರಗಳ ಭಾರತೀಯ ಪರಿಷತ್ತನ್ನು ಸ್ಥಾಪಿಸಿದರು; 1947ರ ವಸಂತದಲ್ಲಿ ಪುರಾನಾ ಕಿಲ್ಲಾದಲ್ಲಿ ನೆರೆದ ಏಷ್ಯಾ ಬಾಂಧವ್ಯ ಸಮ್ಮೇಳನವನ್ನು ನಡೆಸಿದುದು ಈ ಪರಿಷತ್ತೇ. ಬಾರಾಖಂಬಾ ರಸ್ತೆಯಲ್ಲಿ ಪರಿಷತ್ತಿಗೆ ಕಟ್ಟಿಸಿದ ಸಪ್ರೂ ಹೌಸನ್ನು 1955ರಲ್ಲಿ ನೆಹರೂ ಉದ್ಘಾಟಿಸಿದರು. ಅದೇ ವರ್ಷ ಅದರ ಆಶ್ರಯದಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಪ್ರಾರಂಭವಾಯಿತು. ಅದರ ಮೊದಲ ನಿರ್ದೇಶಕ ಎ. ಅಪ್ಪಾದೊರೈ. ಅವರ ‘ಸಬ್‌ಸ್ಟೆನ್ಸ್ ಆಫ್ ಪಾಲಿಟಿಕ್ಸ್’ ಎಂಬ ಪುಸ್ತಕವನ್ನು ಓದದೆ ರಾಜ್ಯಶಾಸ್ತ್ರದ ಪರೀಕ್ಷೆಗೆ ಕುಳಿತ ಭಾರತೀಯ ವಿದ್ಯಾರ್ಥಿ ಆ ತಲೆಮಾರಿನಲ್ಲಿ ದುರ್ಲಭ. ಮರುವರ್ಷ ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾನಿಲಯವೂ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆಯಿತು.

ದೆಹಲಿಯ ಶಾಲೆ ಮುಖ್ಯವಾಗಿ ಸಂಶೋಧಕರನ್ನು ತಯಾರಿಸುವ ಶಾಲೆ. ಒಂದೊಂದು ಭೂಭಾಗವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸಿ, ಅಲ್ಲಿಯ ಭಾಷೆಯನ್ನು ಕಲಿಸಿ, ಸಾಧ್ಯವಾದರೆ ಆ ದೇಶಕ್ಕೇ ಕಳಿಸಿ ಪ್ರಬಂಧ ಬರೆಯಿಸುವುದು ಅದರ ಕ್ರಮ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ, ಎರಡು ಸಾವಿರ ಮೈಲಿ ಗಡಿಯನ್ನು ಹಂಚಿಕೊಂಡ ಆ ದೇಶದ ಭಾಷೆಯನ್ನು ಬಲ್ಲವರು ನಮ್ಮಲ್ಲಿ ಎಷ್ಟು ಅಲ್ಪರೆಂಬುದು ಎಲ್ಲರಿಗೂ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಚೀನೀ ಅಧ್ಯಯನ, ರಷ್ಯನ್ ಅಧ್ಯಯನ, ಆಫ್ರಿಕಾದ ಅಧ್ಯಯನಗಳಿಗೆ ಮುಂದಿನ ಕೆಲವು ವರ್ಷಗಳಲ್ಲಿ ಹಣ ಹರಿದುಬಂತು. 1970ರಲ್ಲಿ ಆ ಶಾಲೆ ಹೊಸದಾಗಿ ಹುಟ್ಟಿದ್ದ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಲೀನವಾಯಿತು. ಬಿಟ್ಟುಹೋದ ಸಪ್ರೂ ಹೌಸಿನ ಸಭಾಂಗಣದಲ್ಲಿ ಅನಂತರದ ದಶಕಗಳಲ್ಲಿ ಪಂಜಾಬಿ ಹಾಸ್ಯನಾಟಕಗಳು, ಅದೂ ಮಕ್ಕಳನ್ನು ಕರೆದೊಯ್ಯಲಾಗದ ಜಾತಿಯವು, ಭರ್ಜರಿಯಾಗಿ ನಡೆದುವೆಂಬುದು ದೆಹಲಿಯ ಹಳಬರು ನಗುತ್ತ ಹೇಳುವ ಸಂಗತಿ. 2001ರ ಶಾಸನದಿಂದ ಪರಿಷತ್ತು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾದ ಮೇಲೆ ಅದು ಮತ್ತೆ ಗಂಭೀರವಾಯಿತು.

ಇಷ್ಟೆಲ್ಲ ನಡೆಯುತ್ತಿರಲು ವೃತ್ತಿಯ ಬಾಗಿಲಲ್ಲಿ ಏನು ನಡೆಯುತ್ತಿತ್ತು? ಭಾರತೀಯ ವಿದೇಶಾಂಗ ಸೇವೆ ರೂಪುಗೊಂಡುದು 1946ರ ಅಕ್ಟೋಬರಿನಲ್ಲಿ, ಅಂದರೆ ಶಾಲೆ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು. ಐ.ಸಿ.ಎಸ್. ಅಧಿಕಾರಿಗಳು, ಯುದ್ಧ ಮುಗಿಸಿ ಬಂದ ಸೇನಾಧಿಕಾರಿಗಳು, ದೇಶೀ ಸಂಸ್ಥಾನಗಳ ಕುಲೀನರು ಮೊದಲ ಹೊತ್ತಿಗೆ ಒದಗಿದರು. ತರುವಾಯ ಲೋಕಸೇವಾ ಆಯೋಗದ ಸ್ಪರ್ಧಾಪರೀಕ್ಷೆಯೇ ಮಾರ್ಗವಾಯಿತು. ಆ ಪರೀಕ್ಷೆಯಾದರೋ ಜಿಲ್ಲಾಧಿಕಾರಿಯಾಗುವವನಿಗೂ ರಾಯಭಾರಿಯಾಗುವವನಿಗೂ ಒಂದೇ. ಗಣಿತವನ್ನು ಓದಿದವನೂ ಬರಬಹುದು, ಸಸ್ಯಶಾಸ್ತ್ರವನ್ನು ಓದಿದವನೂ ಬರಬಹುದು; ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಿದವನಿಗೆ ಒಂದು ಅಂಕದ ವಿನಾಯಿತಿಯೂ ಇಲ್ಲ. ಸಾಮಾನ್ಯ ಬುದ್ಧಿವಂತನನ್ನು ಆರಿಸಿ ಕೆಲಸದಲ್ಲೇ ಕಲಿಸಿದರಾಯಿತು ಎಂಬ ಈ ನಂಬಿಕೆ ಬ್ರಿಟಿಷರಿಂದ ಬಂದ ಬಳುವಳಿ, ಅದನ್ನು ಕೇವಲ ಮೌಢ್ಯವೆನ್ನಲೂ ಆಗದು; ಏಕೆಂದರೆ ಅದರಿಂದ ಆಯ್ಕೆಯಾದವರ ಸಾಧನೆ ಸಾಮಾನ್ಯವಾದುದಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರನ್ನು ತೆಗೆದುಕೊಳ್ಳೋಣ. ಗಣಿತದಲ್ಲಿ ಪ್ರತಿಭಾವಂತರಾಗಿ ಕೇಂಬ್ರಿಜ್ಜಿಗೆ ಹೋಗಿ, ಐ.ಸಿ.ಎಸ್. ಸೇರಿ, ನ್ಯಾಯಾಧೀಶರಾಗಿ, ಸಂವಿಧಾನಸಭೆಯ ಸಲಹೆಗಾರರಾಗಿದ್ದ ಅವರು 1950ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷಸ್ಥಾನದಲ್ಲಿದ್ದರು; ಕೊರಿಯಾ ಯುದ್ಧ ಸಿಡಿದಾಗ ಜಗತ್ತಿನ ಮಹಾಶಕ್ತಿಗಳ ಪ್ರತಿನಿಧಿಗಳ ಸಭೆಯನ್ನು ನಡೆಸಿದವರು ಈ ಮಿತಭಾಷಿ ಕನ್ನಡನಾಡಿಗರು. ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ 1953ರಲ್ಲಿ ತೀರಿಕೊಂಡರು. ಈ ಶಾಸ್ತ್ರದ ಒಂದು ಪಾಠವನ್ನೂ ಅವರು ಯಾವ ಕಾಲೇಜಿನಲ್ಲೂ ಕೇಳಿದವರಲ್ಲ.

ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರದು ಇನ್ನೂ ಬೋಧಕವಾದ ಕಥೆ. ಅರಣ್ಯಾಧಿಕಾರಿಯ ಮಗಳು, ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವರು, ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ಓದಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪಡೆದವರು. ಸ್ಪರ್ಧಾಪರೀಕ್ಷೆಯಲ್ಲಿ ಉತ್ತೀರ್ಣರಾಗಿ 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ ಎಂಬ ಕೀರ್ತಿ ಅವರದು. ಆದರೆ ಸಂದರ್ಶನ ಮಂಡಲಿಯೇ ಹೆಣ್ಣಿಗೆ ಈ ಕೆಲಸ ಒಗ್ಗದೆಂದು ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿತ್ತು. ಸೇವೆಯ ನಿಯಮಗಳಲ್ಲಿ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸ್ತ್ರೀ ಅಧಿಕಾರಿ ಮದುವೆಯಾಗಕೂಡದೆಂದೂ, ಮದುವೆಯಾದ ಮೇಲೆ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದೆಂದೂ, ವಿವಾಹಿತೆಗೆ ನೇಮಕದ ಹಕ್ಕೇ ಇಲ್ಲವೆಂದೂ ಬರೆದಿತ್ತು. ಮದುವೆಯಾದ ಪುರುಷನ ಸಂಸಾರದ ಹೊಣೆಯನ್ನು ಕುರಿತು ಆ ನಿಯಮಾವಳಿ ಮೌನವಾಗಿತ್ತು. 1970ರಲ್ಲಿ ಹಂಗೆರಿಗೆ ರಾಯಭಾರಿಯಾದ ಮುತ್ತಮ್ಮನವರು, ಮುಂದೆ ಮೇಲಣ ದರ್ಜೆಯ ಬಡ್ತಿಯನ್ನು ತಮಗೆ ತಪ್ಪಿಸಿದಾಗ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲು ಹತ್ತಿದರು. ವಿಚಾರಣೆಗೆ ಬರುವಷ್ಟರಲ್ಲಿ ಸರ್ಕಾರ ಬಡ್ತಿಯನ್ನು ಕೊಟ್ಟುಬಿಟ್ಟಿತ್ತಾದ್ದರಿಂದ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಷ್ಟಕ್ಕೇ ಬಿಡದೆ, ಸ್ತ್ರೀಪುರುಷ ಸಮಾನತೆಯ ವಚನವಿತ್ತ ಸಂವಿಧಾನದ ಅಡಿಯಲ್ಲಿ ಇಂಥ ನಿಯಮಗಳು ಉಳಿದಿದ್ದುದನ್ನು ಕಟುವಾದ ಮಾತುಗಳಿಂದ ಖಂಡಿಸಿ, ಸೇವಾನಿಯಮಗಳೆಲ್ಲವನ್ನೂ ಪುನಃ ಪರಿಶೀಲಿಸುವಂತೆ ಸರ್ಕಾರಕ್ಕೆ ತಿಳಿಸಿದರು. ಸೋತ ಅರ್ಜಿಯೊಂದು ಇಷ್ಟು ಗೆದ್ದ ನಿದರ್ಶನ ನ್ಯಾಯಾಲಯಗಳಲ್ಲಿ ಹೆಚ್ಚಿಲ್ಲ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಇಂಗ್ಲಿಷನ್ನೇ ಓದಿದ ನಿರುಪಮಾ ರಾವ್ 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಗಳಾದಾಗ, ಆ ಮುರಿದ ನಿಯಮಗಳು ನೆನಪಿಗೂ ಬಾರದಷ್ಟು ಹಳತಾಗಿದ್ದುವು.

ಶಾಲೆಯ ವಿದ್ಯಾರ್ಥಿಗಳೇ ಸೇವೆಗೆ ಹೋಗಲಿಲ್ಲವೆಂದಲ್ಲ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಡಾಕ್ಟರೇಟ್ ಮಾಡಿ, 1977ರಲ್ಲಿ ಸೇವೆಯನ್ನು ಸೇರಿದ ಎಸ್. ಜೈಶಂಕರ್ ವಿದೇಶಾಂಗ ಕಾರ್ಯದರ್ಶಿಯೂ ಆ ಖಾತೆಯ ಸಚಿವರೂ ಆದುದನ್ನು ಎಲ್ಲರೂ ಬಲ್ಲರು. ಆದರೆ ಬಹುಸಂಖ್ಯಾತರು ಹೋದುದು ಬೇರೆ ದಿಕ್ಕುಗಳಿಗೆ: ಕಾಲೇಜುಗಳ ಅಧ್ಯಾಪಕವೃತ್ತಿಗೆ, ಪತ್ರಿಕೆಗಳ ಸಂಪಾದಕೀಯ ಮೇಜಿಗೆ, 1965ರಲ್ಲಿ ಸ್ಥಾಪಿತವಾದ ರಕ್ಷಣಾ ಅಧ್ಯಯನ ಸಂಸ್ಥೆಯಂಥ ಸಂಶೋಧನಾಲಯಗಳಿಗೆ. ಅಲ್ಲಿ ಕುಳಿತು ಅವರು ಬರೆದ ವರದಿಗಳನ್ನು ವಿದೇಶಾಂಗ ಸಚಿವಾಲಯದ ಅಧಿಕಾರಿಗಳು ಓದಿದರೇ ಎಂಬುದು ಮಾತ್ರ ಈ ಎರಡು ಬಳಗಗಳ ನಡುವೆ ಇಂದಿಗೂ ಬಗೆಹರಿಯದ ವ್ಯಾಜ್ಯ. ಕಡತದ ಒಳಗಿರುವುದು ಪಂಡಿತನಿಗೆ ತಿಳಿಯದೆಂದು ಅಧಿಕಾರಿಯ ತಿರಸ್ಕಾರ. ಕಡತದ ಹೊರಗಿರುವುದು ಅಧಿಕಾರಿಗೆ ತಿಳಿಯದೆಂದು ಪಂಡಿತನ ಮುನಿಸು. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆಯೆಂದೇ ನನ್ನ ಅಭಿಪ್ರಾಯ. ಸರ್ಕಾರ ತನ್ನ ಹಳೆಯ ಕಾಗದಪತ್ರಗಳನ್ನು ವಿದ್ವಾಂಸರಿಗೆ ತೆರೆಯುವುದರಲ್ಲಿ ತೋರಿದ ಕಾರ್ಪಣ್ಯವೇ ಇದಕ್ಕೆ ಮುಖ್ಯ ಕಾರಣ.

ಈಗಿನ ಸ್ಥಿತಿ ಕೊಂಚ ಭಿನ್ನ. ಲೋಕಸೇವಾ ಆಯೋಗದ ಮುಖ್ಯಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಹಾಗೂ ಅಂತರರಾಷ್ಟ್ರೀಯ ಸಂಬಂಧಗಳೆಂಬ ಐಚ್ಛಿಕ ವಿಷಯಕ್ಕೆ ಎರಡು ಪತ್ರಿಕೆಗಳು, 500 ಅಂಕಗಳು, ಅದನ್ನಾರಿಸಿಕೊಳ್ಳುವವರು ಬಹುಮಂದಿ. ಆದರೆ ವಿದೇಶಾಂಗ ಸೇವೆಯ ಅಧಿಕಾರಿಗಳ ಒಟ್ಟು ಸಂಖ್ಯೆಯೇ ಸುಮಾರು ಒಂದು ಸಾವಿರ, ವರ್ಷಕ್ಕೆ ತೆರೆಯುವ ಸ್ಥಾನಗಳು ಕೆಲವು ಹತ್ತುಗಳು ಮಾತ್ರವಾಗಿರಲು, ಅದೊಂದನ್ನೇ ನೆಚ್ಚಿ ಓದಹೊರಡುವುದು ದುಸ್ಸಾಹಸ. ವಿಶ್ವಸಂಸ್ಥೆಯ ಯುವ ಅಧಿಕಾರಿಗಳ ಪರೀಕ್ಷೆ 32 ವರ್ಷ ಮೀರದವರಿಗೆ, ಅದೂ ಪ್ರತಿವರ್ಷ ಎಲ್ಲ ದೇಶಗಳವರಿಗೂ ತೆರೆದಿರುವುದಿಲ್ಲ. ಇವಕ್ಕಿಂತ ಸಮೀಪದಲ್ಲಿರುವ ಬಾಗಿಲುಗಳನ್ನು ನಮ್ಮ ವಿದ್ಯಾರ್ಥಿಗಳು ಗಮನಿಸುವುದು ಕಡಿಮೆ. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮೊದಲಾದ ದೇಶಗಳ ಕಾನ್ಸುಲ್ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಇಂಥ ಕಚೇರಿಗಳಿಗೆ ರಾಜಕೀಯ, ವಾಣಿಜ್ಯ, ಶಿಕ್ಷಣಗಳ ವಿಚಾರದಲ್ಲಿ ಸ್ಥಳೀಯರಾದ ಸಹಾಯಕರು ಬೇಕಾಗುತ್ತಾರೆ. ಪರದೇಶದ ದಿಗ್ಬಂಧನ, ಸುಂಕ, ರಫ್ತು ನಿರ್ಬಂಧಗಳಿಂದ ವ್ಯಾಪಾರ ಕೆಡುವುದನ್ನು ಕಂಡ ದೊಡ್ಡ ಕಂಪೆನಿಗಳು ಇವನ್ನು ಮೊದಲೇ ಊಹಿಸಬಲ್ಲವರನ್ನು ಇಟ್ಟುಕೊಳ್ಳತೊಡಗಿವೆ. ಪಾದ್ರಿ ವಾಲ್ಶನ ಹಡಗು ಸುಂಕಗಳ ಪಾಠಕ್ರಮ ಡೇವೀಸನ ಶಾಂತಿಪಾಠಕ್ಕಿಂತ ದೀರ್ಘಾಯುವಾಗಿದೆಯೆಂದು ಹೇಳಬೇಕು.

ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಇಲ್ಲಿ ಒಂದು ವಿಚಿತ್ರ ಸಂಕಷ್ಟವಿದೆ. ಆಯೋಗದ ಮುಖ್ಯಪರೀಕ್ಷೆಯ ಉತ್ತರಗಳನ್ನು ಅವನು ಕನ್ನಡದಲ್ಲೇ ಬರೆಯಬಹುದು; ಆದರೆ ಕಾರ್‌ನನ್ನಾಗಲಿ, ಅಪ್ಪಾದೊರೈಯವರನ್ನಾಗಲಿ, ನಿನ್ನೆಯ ಒಪ್ಪಂದದ ವಿಮರ್ಶೆಯನ್ನಾಗಲಿ ಇಂಗ್ಲಿಷಿನಲ್ಲಿ ಓದಿಕೊಂಡು ಮನಸ್ಸಿನಲ್ಲೇ ಕನ್ನಡಿಸಿಕೊಳ್ಳದೆ ಗತಿಯಿಲ್ಲ. ಅರ್ಥಶಾಸ್ತ್ರವನ್ನು ಜಗತ್ತಿಗೆ ಮರಳಿ ಕೊಟ್ಟ ನಾಡಿನ ಭಾಷೆಯಲ್ಲಿ ಈ ಶಾಸ್ತ್ರದ ಪ್ರೌಢಗ್ರಂಥಗಳು ಇಷ್ಟು ವಿರಳವಾಗಿರುವುದಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳೇ ಉತ್ತರ ಹೇಳಬೇಕು. ಈ ಎಲ್ಲ ತೊಡಕುಗಳನ್ನು ದಾಟಿ ಆಯ್ಕೆಯಾದವನನ್ನು, ಅವನು ಯಾವ ವಿಷಯದ ಪದವೀಧರನೇ ಆಗಿರಲಿ, ಸೇವೆ ಮತ್ತೆ ವಿದ್ಯಾರ್ಥಿಯಾಗಿ ಕೂರಿಸುತ್ತದೆ: ಅರಬ್ಬಿಯೋ ಚೀನಿಯೋ ರಷ್ಯನ್ನೋ ಒಂದು ಪರಭಾಷೆಯನ್ನು ಅವನಿಗೆ ಗೊತ್ತುಮಾಡಿ, ಆ ಭಾಷೆಯಾಡುವ ದೇಶಕ್ಕೇ ಕಳಿಸಿ ಕಲಿಸುತ್ತದೆ. ಅದರ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಪರ್ಯಂತ ಅವನ ನೇಮಕ ಖಾಯಂ ಆಗುವುದಿಲ್ಲ.